ಐವತ್ತು ದಾಟಿದವರ ಕಲ್ಲಾಟ

1924ರ ಜನವರಿ ಕೊನೆಯ ವಾರ ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ಶಾಮೊನಿ ಎಂಬ ಊರಿನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಪಂದ್ಯಗಳು ನಡೆದವು. ಕಣದಲ್ಲಿದ್ದದ್ದು ಮೂರೇ ದೇಶ. ಸ್ಕಾಟ್ಲೆಂಡಿನವರೇ ತುಂಬಿದ್ದ ಬ್ರಿಟನ್ ತಂಡ ಸ್ವೀಡನ್ನನ್ನು 38-7ರಿಂದ, ಫ್ರಾನ್ಸನ್ನು 46-4ರಿಂದ ಮಣ್ಣು ಮುಕ್ಕಿಸಿತು. ಮಣ್ಣು ಎಲ್ಲಿ ಬಂತು, ಮಂಜುಗಡ್ಡೆ ಅನ್ನಬೇಕು. ಗೆದ್ದ ತಂಡದಲ್ಲಿದ್ದ ರಾಬಿನ್ ವೆಲ್ಷ್‌ಗೆ ಆಗ 54 ವರ್ಷ. ಎರಡನೇ ಸ್ಥಾನ ಪಡೆದ ಸ್ವೀಡನ್ನಿನ ಕಾರ್ಲ್ ಆಗಸ್ಟ್ ಕ್ರೋನ್‌ಲುಂಡ್‌ಗೆ 58. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರಲ್ಲೆಲ್ಲ ವೆಲ್ಷ್ ಅತಿ ಹಿರಿಯ, ಯಾವುದೇ ಪದಕ ಗೆದ್ದವರಲ್ಲಿ ಕ್ರೋನ್‌ಲುಂಡ್ ಅತಿ ಹಿರಿಯ. ನೂರು ವರ್ಷ ಕಳೆದರೂ ಆ ಎರಡು ದಾಖಲೆ ಅಲುಗಾಡಿಲ್ಲ.

ಆ ದಿನ ಅವರಿಬ್ಬರನ್ನೂ ಯಾರೂ "ನೀವು ಹಿರಿಯರ ವಿಭಾಗದಲ್ಲಿ ಆಡಿ" ಎನ್ನಲಿಲ್ಲ. ಅಂಥ ವಿಭಾಗವೇ ಇರಲಿಲ್ಲ, ಬೇಕು ಅಂತ ಯಾರಿಗೂ ಅನಿಸಿರಲೂ ಇಲ್ಲ. ಐವತ್ತು ದಾಟಿದವರಿಗೆಂದೇ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 2002ರಲ್ಲಿ. ಹಿರಿಯರಿಗೆ ಪ್ರತ್ಯೇಕ ಪಂದ್ಯಾವಳಿ ಎಂದಾಗ ನಾವು ಅದನ್ನು ಗೌರವ ಎಂದುಕೊಳ್ಳುತ್ತೇವೆ. ಈ ಆಟದ ಚರಿತ್ರೆಯನ್ನು ಓದುತ್ತಾ ಹೋದರೆ ನನಗೆ ಬೇರೆಯೇ ಕಾಣುತ್ತದೆ. ಮೊದಲು ನಡುಮನೆಯಲ್ಲಿ ಕೂತಿದ್ದವರಿಗೆ ಆಮೇಲೆ ಪಕ್ಕದ ಕೋಣೆಯಲ್ಲಿ ಎಲೆ ಹಾಕಿದ ಕಥೆ ಇದು. ಊಟದ ರುಚಿಯೇನೂ ಕೆಡಲಿಲ್ಲ ಅನ್ನುವುದು ಬೇರೆ ಮಾತು.

ಸಿರುಗುಪ್ಪ, ಕುರುಗೋಡು, ದೇಶನೂರು ಕಡೆಯ ಓದುಗರಿಗೆ ಈ ಆಟದ ಪರಿಚಯ ಇರುವ ಸಂಭವ ಕಡಿಮೆ. ಮಾರ್ಚ್ ಬಂತೆಂದರೆ ನಮ್ಮಲ್ಲಿ ಮಂಜುಗಡ್ಡೆ ಸಿಗುವುದು ಸೋಡಾ ಅಂಗಡಿಯಲ್ಲಿ ಮಾತ್ರ. ಕರ್ಲಿಂಗ್‌ಗೆ ಬೇಕಾದದ್ದು ಸುಮಾರು 45 ಮೀಟರ್ ಉದ್ದ, 5 ಮೀಟರ್ ಅಗಲದ ಮಂಜುಗಡ್ಡೆಯ ಪಟ್ಟಿ. ತಂಡಕ್ಕೆ ನಾಲ್ವರು, ತಲೆಗೆ ಎರಡು ಕಲ್ಲು, ಒಟ್ಟು ಎಂಟು. ಪಟ್ಟಿಯ ಆ ತುದಿಯಲ್ಲಿ 3.66 ಮೀಟರ್ ಅಡ್ಡಳತೆಯ ವೃತ್ತಗಳಿವೆ. ಅದಕ್ಕೆ 'ಮನೆ' ಎಂದೇ ಹೆಸರು. ಎರಡೂ ತಂಡದವರು ಒಂದಾದ ಮೇಲೊಂದರಂತೆ ಹದಿನಾರು ಕಲ್ಲು ಜಾರಿಸಿದ ಮೇಲೆ ಮನೆಯ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗಿರುವ ನಿಮ್ಮ ಪ್ರತಿ ಕಲ್ಲೂ ಲೆಕ್ಕಕ್ಕೆ ಬರುತ್ತದೆ. ಇದು ಒಂದು ಸುತ್ತು. ಹಿರಿಯರ ಪಂದ್ಯದಲ್ಲಿ ಇಂಥ ಎಂಟು ಸುತ್ತು. ಕೇರಂ ಆಡಿದವರಿಗೆ ಇದರ ಅರ್ಧ ಬುದ್ಧಿ ಆಗಲೇ ಬಂದಿರುತ್ತದೆ: ಎದುರಿನವರ ಕಾಯಿ ತಳ್ಳಬೇಕೋ, ನಮ್ಮ ಕಾಯಿಗೆ ಅಡ್ಡ ಕಾವಲು ಇಡಬೇಕೋ ಅನ್ನುವ ಲೆಕ್ಕಾಚಾರ.

ಉಳಿದರ್ಧ ಮಂಜುಗಡ್ಡೆಯದು. ಪಟ್ಟಿ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಆಟಕ್ಕೆ ಮುಂಚೆ ಒಬ್ಬ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹೊಲಕ್ಕೆ ಔಷಧ ಹೊಡೆಯುವ ಗತ್ತಿನಲ್ಲಿ ಕೈ ಆಡಿಸುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಾನೆ. ಆ ನೀರಿನ ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಕಲ್ಲಿನ ತಳ ಬಟ್ಟಲಿನಂತೆ ಒಳಕ್ಕೆ ಬಾಗಿದ್ದು, ಕಿರಿದಾದ ಒಂದು ಉಂಗುರ ಮಾತ್ರ ಆ ಗುಳ್ಳೆಗಳ ಮೇಲೆ ತೇಲುತ್ತಾ ಹೋಗುತ್ತದೆ. ಆಟಗಾರ ಬಿಡುವಾಗ ಹಿಡಿಕೆಯನ್ನು ತುಸುವೇ ತಿರುವುತ್ತಾನೆ. ಕಲ್ಲು ನಿಧಾನ ಸುತ್ತುತ್ತಾ, ವೇಗ ಇಳಿದಂತೆಲ್ಲ ಒಂದು ಬದಿಗೆ ಬಾಗುತ್ತದೆ. ಬೋರಲು ಹಾಕಿದ ಲೋಟವನ್ನು ಮೇಜಿನ ಮೇಲೆ ತಿರುವಿ ಜಾರಿಸಿ ನೋಡಿ, ಅದು ಇದರ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಈ ಉಲ್ಟಾ ಬಾಗು ಯಾಕೆ ಎಂಬುದರ ಬಗ್ಗೆ ಭೌತವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಕಲ್ಲಿನ ಮುಂದೆ ಇಬ್ಬರು ಬ್ರಷ್ ಹಿಡಿದು ಉಜ್ಜುತ್ತಾ ಓಡುತ್ತಾರೆ. ಉಜ್ಜಿದರೆ ಮಂಜುಗಡ್ಡೆಯ ಮೈ ಕೊಂಚ ಬಿಸಿಯಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ಆ ತುದಿಯಲ್ಲಿ ನಿಂತ ನಾಯಕ ಗಂಟಲು ಹರಿಯುವಂತೆ ಕೂಗುತ್ತಾನೆ. ಟಿವಿಯಲ್ಲಿ ಮೊದಲ ಸಲ ನೋಡಿದವರಿಗೆ ಯಾರೋ ಯಾರನ್ನೋ ಬೈಯುತ್ತಿದ್ದಾರೆ ಅನ್ನಿಸಿದರೆ ತಪ್ಪಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ ನಾವೂ ಮಾತಾಡಬಹುದು. ಬಳ್ಳಾರಿ ಸೀಮೆ ಕಲ್ಲಿನದೇ ಸೀಮೆ. ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದವರು ಕರಿಗಲ್ಲು ಒಡೆದು, ಉಜ್ಜಿ, ನುಣುಪು ಮಾಡಿ ಕೊಡಲಿ ತಯಾರಿಸುತ್ತಿದ್ದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದಾಗ ಅದೇ ಕಾಲದ ಜನರ ನೆಲೆ ಸಿಕ್ಕಿತು. ಕುರುಗೋಡಿನ ದೊಡ್ಡ ಬಸವಣ್ಣ ಏಕಶಿಲೆಯಲ್ಲಿ ಕೂತಿದ್ದಾನೆ. ಹಬ್ಬ ಜಾತ್ರೆಗಳಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆದರೆ ಎತ್ತುವ ಕಲ್ಲು ವಯಸ್ಸನ್ನು ಕೇಳುತ್ತದೆ. ನಲವತ್ತು ದಾಟಿದವನು ಪಂಚೆ ಕಟ್ಟಿ ಮುಂದೆ ಬಂದರೆ "ಸೊಂಟ ಹಿಡಿದೀತು ಮಾವ" ಎಂದು ಪಕ್ಕಕ್ಕೆ ಸರಿಸುತ್ತಾರೆ.

ಸ್ಕಾಟ್ಲೆಂಡಿನಲ್ಲೂ ಮೊದಲು ಹೆಚ್ಚು ಕಡಿಮೆ ಹೀಗೇ ಇತ್ತು. ಸ್ಟರ್ಲಿಂಗ್ ಕಲ್ಲು ಎಂದು ಹೆಸರಾದ ಒಂದು ಕರ್ಲಿಂಗ್ ಕಲ್ಲಿನ ಮೇಲೆ 1511 ಎಂಬ ಇಸವಿ ಕೆತ್ತಿದೆ. 1541ರ ಫೆಬ್ರವರಿಯಲ್ಲಿ ಪೇಯ್ಸ್ಲಿ ಮಠದ ಜಾನ್ ಸ್ಕ್ಲೇಟರ್ ಎಂಬ ಸನ್ಯಾಸಿ, ಮಠಾಧಿಪತಿಯ ಕಡೆಯ ಗ್ಯಾವಿನ್ ಹ್ಯಾಮಿಲ್ಟನ್‌ನ ಜೊತೆ ಒಪ್ಪಿಕೊಂಡ ಪಂದ್ಯಕ್ಕೆ ತಾನು ತಯಾರು ಎಂದು ತೋರಿಸಲು ಮೂರು ಸಲ ಮಂಜುಗಡ್ಡೆಯ ಮೇಲೆ ಕಲ್ಲು ಎಸೆದ. ಅಲ್ಲಿನ ನೋಟರಿ ಅದನ್ನು ಲ್ಯಾಟಿನ್‌ನಲ್ಲಿ ದಾಖಲು ಮಾಡಿದ. ಮಠದೊಳಗಿನ ಜಿದ್ದಿಗೂ ನೋಟರಿ ಬೇಕಾಯಿತು ನೋಡಿ. ಆ ಕಾಲದ ಕಲ್ಲುಗಳಿಗೆ ಹಿಡಿಕೆ ಇರಲಿಲ್ಲ, ಬೆರಳು ತೂರಿಸಲು ಗುಳಿ ಇರುತ್ತಿತ್ತು. ಮುಂದೆ ಹಿಡಿಕೆ ಬಂತು, ಜೊತೆಗೆ ಭಾರದ ಹುಚ್ಚೂ ಬಂತು. ಹೊಳೆಯಿಂದ ಎತ್ತಿ ತಂದ ಒಡ್ಡೊಡ್ಡು ಬಂಡೆಗಳಿಗೆ ಕಬ್ಬಿಣದ ಹಿಡಿಕೆ ಬಡಿದು ಆಡುತ್ತಿದ್ದರು. ಜೂಬಿಲಿ ಕಲ್ಲು ಎಂದು ಹೆಸರಾದ ಒಂದು ದೈತ್ಯ 53 ಕಿಲೋ ತೂಗುತ್ತದೆ. ಒಮ್ಮೆ ಮನೆಯೊಳಗೆ ಹೋಗಿ ಕೂತರೆ ಅಂಥದ್ದನ್ನು ಅಲ್ಲಾಡಿಸುವವರು ಯಾರು? ರಟ್ಟೆ ಗಟ್ಟಿ ಇದ್ದವನದೇ ಗೆಲುವು.

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಕಲ್ಲುಕುಟಿಗರು ದುಂಡಗೆ ಕಡೆದ ಕಲ್ಲು ಮಾಡತೊಡಗಿದರು. ಆಟದ ದಿಕ್ಕು ಬದಲಾದದ್ದು ಅಲ್ಲಿ. ಒಡ್ಡು ಕಲ್ಲು ಇನ್ನೊಂದಕ್ಕೆ ತಾಗಿದರೆ ಎತ್ತ ಹೋದೀತೆಂದು ದೇವರೂ ಹೇಳಲಾರ. ದುಂಡು ಕಲ್ಲಿನ ಹಾದಿಯನ್ನು ಲೆಕ್ಕ ಹಾಕಬಹುದು. ಕೋನ, ಬಾಗು, ತಾಗು, ನಿಲುಗಡೆ ಎಲ್ಲವೂ ಅಂದಾಜಿಗೆ ಸಿಕ್ಕಿದವು. ತೂಕಕ್ಕೂ ಮಿತಿ ಬಂತು. ಇವತ್ತಿನ ನಿಯಮದಲ್ಲಿ ಅದು 19.96 ಕಿಲೋ ಮೀರುವಂತಿಲ್ಲ, ಅದನ್ನೂ ಯಾರೂ ಎತ್ತುವುದಿಲ್ಲ, ಜಾರಿಸುತ್ತಾರೆ. ಮೂವತ್ತು ನಲವತ್ತು ಚಳಿಗಾಲ ಆಡಿ ಮಂಜುಗಡ್ಡೆಯ ಬಣ್ಣ ನೋಡಿಯೇ ಅದರ ಓಟ ಹೇಳಬಲ್ಲವನ ತಲೆಗೆ ಇಪ್ಪತ್ತರ ಹುಡುಗನ ರಟ್ಟೆಗಿಂತ ಬೆಲೆ ಬಂದದ್ದು ಈ ದುಂಡು ಕಲ್ಲಿನಿಂದ. ನನ್ನ ಪ್ರಕಾರ ಈ ಆಟದಲ್ಲಿ ಮುದುಕರಿಗೆ ಜಾಗ ಕೊಟ್ಟದ್ದು ಯಾವ ಸಂಘದ ಠರಾವೂ ಅಲ್ಲ, ಉಳಿ ಸುತ್ತಿಗೆ ಹಿಡಿದ ಕಲ್ಲುಕುಟಿಗ.

ಆ ಕಲ್ಲು ಬರುವುದು ಬಹುಪಾಲು ಏಲ್ಸ ಕ್ರೇಗ್ ಎಂಬ ನಡುಗಡ್ಡೆಯಿಂದ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ ಸಮುದ್ರದಿಂದ ಗುಮ್ಮಟದಂತೆ ಎದ್ದು ನಿಂತ, ನೂರು ಹೆಕ್ಟೇರಿನಷ್ಟಿರುವ, ಜನವಸತಿಯಿಲ್ಲದ ಬಂಡೆ ಅದು. ಅಲ್ಲಿನ 'ಬ್ಲೂ ಹೋನ್' ಎಂಬ ಜಾತಿಯ ಗ್ರಾನೈಟು ನೀರು ಹೀರುವುದಿಲ್ಲ, ಹಾಗಾಗಿ ಚಳಿಗೆ ಸೀಳುವುದಿಲ್ಲ. ಕಲ್ಲಿನ ಓಡುವ ತಳಕ್ಕೆ ಅದನ್ನು, ಢಿಕ್ಕಿ ತಡೆಯುವ ಮೈಗೆ 'ಕಾಮನ್ ಗ್ರೀನ್' ಎಂಬ ಇನ್ನೊಂದನ್ನು ಬಳಸುತ್ತಾರೆ. ಮಾಕ್ಲಿನ್ ಎಂಬ ಊರಿನ ಕೇಸ್ ಕಂಪನಿ 1851ರಿಂದ ಇದೇ ಕಸುಬು ಮಾಡಿಕೊಂಡು ಬಂದಿದೆ. ನಡುಗಡ್ಡೆ ಈಗ ಕಡಲಹಕ್ಕಿಗಳ ಧಾಮ, ಮದ್ದು ಸಿಡಿಸುವಂತಿಲ್ಲ. ಮೊದಲೇ ಬಿದ್ದಿರುವ ಬಂಡೆಗಳನ್ನು ಎಷ್ಟೋ ವರ್ಷಕ್ಕೊಮ್ಮೆ ಹೋಗಿ ಆಯ್ದು ತರುತ್ತಾರೆ. ಆ ಬಂಡೆಯ ವಯಸ್ಸು ಸುಮಾರು 6 ಕೋಟಿ ವರ್ಷ. ನಮ್ಮ ಬಳ್ಳಾರಿ ಕಡೆಯ ಗ್ರಾನೈಟಿಗೆ 250 ಕೋಟಿ ವರ್ಷದ ಲೆಕ್ಕ. ಹಿರಿತನದ ಮಾತು ಬಂದರೆ ಏಲ್ಸ ಕ್ರೇಗ್ ಇನ್ನೂ ತೊಟ್ಟಿಲಲ್ಲಿರುವ ಕೂಸು.

1838ರಲ್ಲಿ ಎಡಿನ್‌ಬರೋದಲ್ಲಿ ಗ್ರ್ಯಾಂಡ್ ಕ್ಯಾಲಿಡೋನಿಯನ್ ಕರ್ಲಿಂಗ್ ಕ್ಲಬ್ ಹುಟ್ಟಿತು. 1842ರಲ್ಲಿ ವಿಕ್ಟೋರಿಯಾ ರಾಣಿ ಸ್ಕೂನ್ ಅರಮನೆಗೆ ಬಂದಾಗ, ಮಂಜುಗಡ್ಡೆ ಇಲ್ಲದ ಕಾಲವಾದ್ದರಿಂದ, ಮೆರುಗು ಕೊಟ್ಟ ಮರದ ನೆಲದ ಮೇಲೆಯೇ ಕಲ್ಲು ಜಾರಿಸಿ ತೋರಿಸಿದರು. ರಾಣಿಯೂ ಕೈ ಆಡಿಸಿದಳು. ಮರುವರ್ಷ ಕ್ಲಬ್ಬಿನ ಹೆಸರಿಗೆ 'ರಾಯಲ್' ಸೇರಿತು. 1847ರಿಂದ ಸ್ಕಾಟ್ಲೆಂಡಿನ ಉತ್ತರದವರಿಗೂ ದಕ್ಷಿಣದವರಿಗೂ ಒಂದೇ ದಿನ, ಒಂದೇ ಕೆರೆಯ ಮೇಲೆ ಮಹಾಪಂದ್ಯ ನಡೆಯತೊಡಗಿತು. ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಬೇಕಾದ್ದರಿಂದ ಅದಕ್ಕೆ ಮುಹೂರ್ತ ಇಡುವುದು ಚಳಿಯೇ. ಸುದ್ದಿ ಬಂದ ಕೂಡಲೇ ಊರೂರಿನವರು ಕಲ್ಲು, ಕಸಬರಿಗೆ ಕಟ್ಟಿಕೊಂಡು ರೈಲು ಹತ್ತುತ್ತಿದ್ದರು. ಪಾದ್ರಿ, ಜಮೀನುದಾರ, ಗೇಣಿದಾರ, ಗಣಿ ಕೆಲಸಗಾರ, ಅಪ್ಪ, ಮಗ, ಎಲ್ಲರೂ ಒಂದೇ ಮಂಜುಗಡ್ಡೆಯ ಮೇಲೆ. ತಂಡದ ನಾಯಕತ್ವ ಸಹಜವಾಗಿ ನರೆತ ತಲೆಗೆ ಹೋಗುತ್ತಿತ್ತು. ಉಜ್ಜುವುದು ಹುಡುಗರ ಕೆಲಸ, ಓದುವುದು ಹಿರಿಯರ ಕೆಲಸ. ನಾಲ್ವರ ಒಂದು ತಂಡದಲ್ಲೇ ವಯಸ್ಸಿನ ವಿಭಾಗಗಳೆಲ್ಲ ಅಡಗಿದ್ದವು. ಬೇರೆ ಚಾಂಪಿಯನ್‌ಶಿಪ್ ಯಾಕೆ ಬೇಕು?

ವಲಸೆ ಹೋದ ಸ್ಕಾಟರು ಆಟವನ್ನು ಕೆನಡಾಕ್ಕೆ ಹೊತ್ತರು. ಮಾಂಟ್ರಿಯಲ್‌ನಲ್ಲಿ 1807ರಲ್ಲೇ ಕ್ಲಬ್ ಆಯಿತು. ಅಲ್ಲಿನ ಚಳಿ ಸ್ಕಾಟ್ಲೆಂಡಿನ ಚಳಿಯಂತೆ ಚಂಚಲವಲ್ಲ, ಆದರೆ ಹೊರಗೆ ನಿಂತು ಆಡಲಾಗದಷ್ಟು ಕ್ರೂರ. ಹಾಗಾಗಿ ಆಟ ಸೂರಿನಡಿಗೆ ಬಂತು. ಸೂರಿನಡಿಯ ಮಂಜುಗಡ್ಡೆ ಸಮತಟ್ಟು, ನಂಬಿಕಸ್ಥ. 1930ರ ದಶಕದಲ್ಲಿ ಮ್ಯಾನಿಟೋಬಾದ ಕೆನ್ ವಾಟ್ಸನ್ ನಿಂತಲ್ಲೇ ಕಲ್ಲು ಬಿಡುವ ಬದಲು, ಕಾಲು ಚಾಚಿ ಕಲ್ಲಿನ ಜೊತೆ ತಾನೂ ದೂರ ಜಾರುತ್ತಾ ಹೋಗಿ ಬಿಡುವ ಪದ್ಧತಿಗೆ ಹೆಸರು ತಂದ. ಒಂದು ಮೊಣಕಾಲು ಎದೆಗೆ ತಾಗುವಂತೆ ಮಡಚಿ, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ ಮಂಜುಗಡ್ಡೆಯ ಮೇಲೆ ಹರಿದು ಹೋಗುವ ಆ ಭಂಗಿ ಇಂದು ಕರ್ಲಿಂಗ್‌ನ ಗುರುತೇ ಆಗಿದೆ. ನೋಡಲು ಸೊಗಸು. ಐವತ್ತರ ಮೊಣಕಾಲಿಗೆ ಅದು ಏನು ಮಾಡುತ್ತದೆ ಎಂಬುದನ್ನು ಕೂತು ಏಳುವಾಗ ಗೋಡೆ ಹಿಡಿಯುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಿರಿಯರಿಗೆ ಬೇರೆ ಪಂಕ್ತಿ ಮೊದಲು ಬಿದ್ದದ್ದೂ ಕೆನಡಾದಲ್ಲೇ. 1965ರಲ್ಲಿ ಅಲ್ಲಿ ಹಿರಿಯ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾಯಿತು, 1973ರಲ್ಲಿ ಮಹಿಳೆಯರದು. ಅತ್ತ 1959ರಲ್ಲಿ ಸ್ಕಾಟ್ಲೆಂಡ್ ಮತ್ತು ಕೆನಡಾ ನಡುವೆ ಶುರುವಾದ ಸ್ಕಾಚ್ ಕಪ್ಪೇ ಬೆಳೆದು ವಿಶ್ವ ಚಾಂಪಿಯನ್‌ಶಿಪ್ ಆಯಿತು. 1975ರಲ್ಲಿ ಕಿರಿಯರ ವಿಶ್ವ ಪಂದ್ಯಾವಳಿ, 1979ರಲ್ಲಿ ಮಹಿಳೆಯರದು, 1998ರಲ್ಲಿ ಜಪಾನಿನ ನಾಗಾನೊದಲ್ಲಿ ಮತ್ತೆ ಒಲಿಂಪಿಕ್ ಪದಕ. ಪದಕ ಬಂದಲ್ಲಿ ಸರ್ಕಾರದ ದುಡ್ಡು ಬರುತ್ತದೆ, ದುಡ್ಡಿನ ಹಿಂದೆ ಕೋಚು, ಜಿಮ್ಮು, ಆಹಾರ ತಜ್ಞ ಬರುತ್ತಾರೆ. ವಾರಾಂತ್ಯದಲ್ಲಿ ಆಡುತ್ತಿದ್ದ ರೈತ, ಮೇಷ್ಟರು, ವಕೀಲರ ಜಾಗಕ್ಕೆ ದಿನವಿಡೀ ಅದನ್ನೇ ಮಾಡುವ ಇಪ್ಪತ್ತೈದರ ಹುಡುಗರು ಬಂದರು. ಉಜ್ಜುವುದೇ ಒಂದು ಕಸರತ್ತಾಯಿತು.

ನಾಗಾನೊ ಆಗಿ ನಾಲ್ಕು ವರ್ಷಕ್ಕೆ, 2002ರ ಏಪ್ರಿಲ್‌ನಲ್ಲಿ, ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಬಿಸ್ಮಾರ್ಕ್ ಊರಿನಲ್ಲಿ ಮುಖ್ಯ ವಿಶ್ವ ಚಾಂಪಿಯನ್‌ಶಿಪ್‌ನ ಜೊತೆಯಲ್ಲೇ ಮೊದಲ ಹಿರಿಯರ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಮರುವರ್ಷ ವಿನ್ನಿಪೆಗ್, ಅದರಾಚೆ ಸ್ವೀಡನ್ನಿನ ಯೆವ್ಲೆ. ಆಮೇಲಾಮೇಲೆ ಹಿರಿಯರು ಮುಖ್ಯ ಪಂದ್ಯಾವಳಿಯ ನೆರಳು ಬಿಟ್ಟು ಬೇರೆ ಊರಿಗೆ ಹೊರಟರು. 2008ರಲ್ಲಿ ಫಿನ್ಲೆಂಡಿನ ವಿಯೆರುಮಾಕಿಯಲ್ಲಿ, ಒಬ್ಬ ಗಂಡು ಒಬ್ಬಳು ಹೆಣ್ಣು ಸೇರಿ ಆಡುವ ಮಿಶ್ರ ಜೋಡಿ ಎಂಬ ಹೊಸ ಆಟದ ಮೊದಲ ವಿಶ್ವ ಪಂದ್ಯಾವಳಿಯೂ ಇವರ ಪಂದ್ಯಾವಳಿಯೂ ಒಂದೇ ಸೂರಿನಡಿ ನಡೆದವು. ಮುಂದೆ ಬಹಳ ವರ್ಷ ಅದೇ ರೂಢಿಯಾಯಿತು. ಆಟದ ಅತಿ ಹೊಸ ರೂಪವೂ ಅತಿ ಹಳೆಯ ಆಟಗಾರರೂ ಪಕ್ಕ ಪಕ್ಕದ ಪಟ್ಟಿಗಳಲ್ಲಿ. ಯಾರೋ ಖರ್ಚು ಉಳಿಸಲು ಮಾಡಿದ ಏರ್ಪಾಟಿರಬೇಕು, ಆದರೂ ಚೆನ್ನಾಗಿದೆ.

ಬಂದವರಲ್ಲಿ ಹಳೆಯ ಹುಲಿಗಳಿದ್ದರು. 1989ರಲ್ಲಿ ನಾಯಕನಾಗಿ ವಿಶ್ವ ಕಿರೀಟ ಗೆದ್ದಿದ್ದ ಕೆನಡಾದ ಪ್ಯಾಟ್ ರಯಾನ್ 2008ರಲ್ಲಿ ಹಿರಿಯರ ಕಿರೀಟವನ್ನೂ ತಲೆಗೇರಿಸಿಕೊಂಡ. ನೋವಾ ಸ್ಕೋಷಿಯಾದ ಕಾಲೀನ್ ಜೋನ್ಸ್ ಟಿವಿ ವರದಿಗಾರ್ತಿಯ ಕೆಲಸದ ನಡುವೆಯೇ ಆರು ಸಲ ಕೆನಡಾದ, 2001 ಮತ್ತು 2004ರಲ್ಲಿ ವಿಶ್ವದ ಚಾಂಪಿಯನ್ ಆದವಳು. 2017ರಲ್ಲಿ ಲೆತ್‌ಬ್ರಿಜ್‌ನಲ್ಲಿ ಹಿರಿಯರ ಚಿನ್ನ ಅವಳದಾಯಿತು. ಸಸ್ಕ್ಯಾಚುವನ್‌ನ ಶೆರಿ ಆಂಡರ್ಸನ್ 2018ರಲ್ಲೂ 2019ರಲ್ಲೂ ಬಿಡದೆ ಗೆದ್ದಳು. ಪದಕಪಟ್ಟಿಯಲ್ಲಿ ಕೆನಡಾದ ಮೇಲುಗೈ ಎದ್ದು ಕಾಣುತ್ತದೆ. ಲಕ್ಷಗಟ್ಟಲೆ ಜನ ಆಡುವ ದೇಶದಲ್ಲಿ ಐವತ್ತು ದಾಟಿದ ಪಳಗಿದ ಕೈಗಳಿಗೆ ಬರವಿಲ್ಲ. ನಡುನಡುವೆ ಸ್ವೀಡನ್ನಿನವರು ಗೋಡೆ ಒಡೆಯುತ್ತಾರೆ: 2016 ಮತ್ತು 2017ರಲ್ಲಿ ಪುರುಷರ ಚಿನ್ನ ಮ್ಯಾಟ್ಸ್ ವ್ರಾನೊ ತಂಡದ್ದು.

ನನಗೆ ಇವರೆಲ್ಲರಿಗಿಂತ ಇಷ್ಟವಾದದ್ದು 2012ರ ಕಥೆ. ಡೆನ್ಮಾರ್ಕಿನ ಟೋರ್ನ್‌ಬಿಯಲ್ಲಿ ಆ ವರ್ಷ ಪುರುಷರ ಚಿನ್ನ ಗೆದ್ದದ್ದು ಐರ್ಲೆಂಡ್. ಕರ್ಲಿಂಗ್‌ಗೆಂದೇ ಕಟ್ಟಿದ ಒಂದು ಮಂಜುಗಡ್ಡೆಯ ಪಟ್ಟಿಯೂ ಆಗ ಆ ದೇಶದಲ್ಲಿರಲಿಲ್ಲ. ಅಭ್ಯಾಸಕ್ಕೆ ಸಮುದ್ರ ದಾಟಿ ಸ್ಕಾಟ್ಲೆಂಡೇ ಗತಿ. ಜಾನ್‌ಜೋ ಕೆನ್ನಿ ನಾಯಕತ್ವದ ಆ ತಂಡ ದೊಡ್ಡ ದೇಶಗಳನ್ನೆಲ್ಲ ಹಿಂದೆ ಹಾಕಿ ವೇದಿಕೆ ಏರಿತು. ಯುವಕರ ವಿಶ್ವ ಪಂದ್ಯಾವಳಿಯಲ್ಲಿ ಇಂದು ಇಂಥದ್ದು ಆಗುವ ಮಾತೇ ಇಲ್ಲ.

ಹಿರಿಯರ ಪಂದ್ಯ ಎಂದರೆ ಸೌಮ್ಯ ಕಾಲಹರಣ ಎಂದುಕೊಳ್ಳಬಾರದು. ಬಿಡುವ ಕಲ್ಲು ಅದೇ, ಪಟ್ಟಿಯ ಉದ್ದ ಅದೇ, ಕೂಗಾಟವೂ ಅದೇ. ಸುತ್ತು ಮಾತ್ರ ಎಂಟಕ್ಕೆ ನಿಲ್ಲುತ್ತದೆ. ಕ್ಲಬ್ಬುಗಳಲ್ಲಿ ಮೊಣಕಾಲು ಬಗ್ಗದವರಿಗಾಗಿ ಒಂದು ಉದ್ದನೆಯ ಕೋಲು ಬಂದಿದೆ. ಅದರ ತುದಿಯನ್ನು ಹಿಡಿಕೆಗೆ ಸಿಕ್ಕಿಸಿ, ನೆಟ್ಟಗೆ ನಡೆಯುತ್ತಲೇ ಕಲ್ಲು ತಳ್ಳಿ ಬಿಡಬಹುದು. ಎಂಬತ್ತು ದಾಟಿದವರೂ ಆಟ ಬಿಡದಿರಲು ಆ ಕೋಲು ಕಾರಣ. ಫೌಲ್ ಆದರೆ ಮಾಡಿದವರೇ ಒಪ್ಪಿಕೊಳ್ಳುವುದು, ಸೋಲು ಖಾತ್ರಿ ಅನ್ನಿಸಿದಾಗ ಕೈಗವಸು ತೆಗೆದು ತಾವೇ ಕೈ ಚಾಚುವುದು, ಆಟ ಮುಗಿದ ಮೇಲೆ ಎರಡೂ ತಂಡ ಒಂದೇ ಮೇಜಿಗೆ ಕೂತು ಗೆದ್ದವರ ಖರ್ಚಿನಲ್ಲಿ ಮೊದಲ ಗುಟುಕು ಹೀರುವುದು: ಕೆರೆಯ ಕಾಲದ ಈ ರಿವಾಜುಗಳನ್ನು ಹಿರಿಯರ ಕೂಟ ಹೆಚ್ಚು ಜತನವಾಗಿ ಇಟ್ಟುಕೊಂಡಿದೆ.

ಈ ನಡುವೆ 2006ರ ಫೆಬ್ರವರಿಯಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಶಾಮೊನಿಯ ಪಂದ್ಯಗಳು ಬರೀ ಪ್ರದರ್ಶನವೋ ನಿಜವಾದ ಒಲಿಂಪಿಕ್ ಸ್ಪರ್ಧೆಯೋ ಎಂಬ ಗೊಂದಲ ಎಂಟು ದಶಕ ಉಳಿದಿತ್ತು. ಗ್ಲಾಸ್ಗೋದ ಹೆರಾಲ್ಡ್ ಪತ್ರಿಕೆ ದಾಖಲೆ ಕೆದಕಿ ತೆಗೆದ ಮೇಲೆ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಆ ಪದಕಗಳು ಅಧಿಕೃತ ಎಂದು ಒಪ್ಪಿತು. 54ರ ವೆಲ್ಷ್ ಸತ್ತು ಎಷ್ಟೋ ಕಾಲವಾದ ಮೇಲೆ ಒಲಿಂಪಿಕ್ ಚಾಂಪಿಯನ್ ಆದ. ಅದೇ ತಿಂಗಳು ಇಟಲಿಯ ಒಲಿಂಪಿಕ್ಸ್‌ನಲ್ಲಿ ಕೆನಡಾದ ರಸ್ ಹೋವರ್ಡ್ ಆಡುತ್ತಿದ್ದ. ಎರಡು ಸಲ ವಿಶ್ವ ಚಾಂಪಿಯನ್, ಸುತ್ತಿನ ಮೊದಲ ಕೆಲವು ಕಲ್ಲುಗಳು ಮುಗಿಯುವವರೆಗೆ ಎದುರಾಳಿಯ ಕಾವಲು ಕಲ್ಲನ್ನು ಹೊಡೆದು ಹೊರಹಾಕುವಂತಿಲ್ಲ ಎಂಬ ಇಂದಿನ ನಿಯಮಕ್ಕೆ ಮೂಲವಾದ ತಲೆ ಅವನದು. ತಂಡದ ನಾಯಕ ಬ್ರ್ಯಾಡ್ ಗುಶೂಗೆ 25 ವರ್ಷ. ಫೆಬ್ರವರಿ 19ರಂದು, ಕ್ರೀಡಾಕೂಟದ ನಡುವೆಯೇ, ಹೋವರ್ಡ್‌ಗೆ 50 ತುಂಬಿತು. ಐದು ದಿನದ ನಂತರ ಅವರು ಫಿನ್ಲೆಂಡನ್ನು 10-4ರಿಂದ ಸೋಲಿಸಿ ಚಿನ್ನ ಗೆದ್ದರು. ಹುಡುಗರ ತಂಡದಲ್ಲಿ ಮನೆ ಕಾಯುತ್ತಾ ಮಂಜುಗಡ್ಡೆ ಓದಿ ಹೇಳುತ್ತಿದ್ದವನು ಹೋವರ್ಡ್. ನಾಲ್ವರಲ್ಲೊಬ್ಬ ಹಿರಿಯ ಇರಬೇಕು ಎಂಬ ಕೆರೆಯ ಕಾಲದ ಪದ್ಧತಿ ಆ ಒಂದು ವಾರದ ಮಟ್ಟಿಗೆ ವಾಪಸು ಬಂದಿತ್ತು.

ಕೆರೆಯಂತೂ ವಾಪಸು ಬರುವ ಹಾಗೆ ಕಾಣುವುದಿಲ್ಲ. ಸ್ಕಾಟ್ಲೆಂಡಿನ ಹೊರಾಂಗಣದ ಮಹಾಪಂದ್ಯ ಕೊನೆಯ ಬಾರಿ ನಡೆದದ್ದು 1979ರ ಫೆಬ್ರವರಿಯಲ್ಲಿ, ಮೆಂಟೀತ್ ಸರೋವರದ ಮೇಲೆ. ಎರಡು ಸಾವಿರಕ್ಕೂ ಹೆಚ್ಚು ಆಟಗಾರರು ಬಂದಿದ್ದರು. 2010ರ ಜನವರಿಯ ಚಳಿಗೆ ಅದೇ ಸರೋವರ ಹೆಪ್ಪುಗಟ್ಟಿ ಆಸೆ ಹುಟ್ಟಿಸಿತು, ಸುರಕ್ಷತೆಯ ಕಾರಣ ಕೊಟ್ಟು ಪಂದ್ಯ ರದ್ದು ಮಾಡಿದರು. ಚಳಿಗಾಲಗಳು ಬೆಚ್ಚಗಾಗುತ್ತಿವೆ. ಕರ್ಲಿಂಗ್ ಈಗ ಬಹುಮಟ್ಟಿಗೆ ಯಂತ್ರ ತಂಪು ಮಾಡಿದ ನೆಲದ ಆಟ.

ಅದರಿಂದ ಒಂದು ಲಾಭವೂ ಆಯಿತು: ಕೆರೆ ಹೆಪ್ಪುಗಟ್ಟದ ಊರುಗಳಿಗೂ ಬಾಗಿಲು ತೆರೆಯಿತು. ಹಿರಿಯರ ಪಂದ್ಯಾವಳಿ 2009ರಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ಗೆ ಹೋಯಿತು. ಕೊರೊನಾ 2020 ಮತ್ತು 2021ನ್ನು ನುಂಗಿದ ಮೇಲೆ 2022ರಲ್ಲಿ ಜಿನೀವಾ, 2023ರಲ್ಲಿ ಕೊರಿಯಾದ ಗಾಂಗ್‌ನಂಗ್, 2024ರಲ್ಲಿ ಸ್ವೀಡನ್ನಿನ ಓಸ್ಟರ್‌ಸುಂಡ್, 2025ರಲ್ಲಿ ಕೆನಡಾದ ಫ್ರೆಡರಿಕ್ಟನ್. ಭಾರತವೂ ವಿಶ್ವ ಕರ್ಲಿಂಗ್ ಸಂಸ್ಥೆಯ ಸದಸ್ಯ ರಾಷ್ಟ್ರ. ಹಿಂದಿನ ಜೂನ್ 30ರೊಳಗೆ ಐವತ್ತು ತುಂಬಿದ ನಾಲ್ವರು, ವಿಮಾನದ ಖರ್ಚು, ಅಭ್ಯಾಸಕ್ಕೊಂದು ಮಂಜುಗಡ್ಡೆಯ ಪಟ್ಟಿ, ಇಷ್ಟು ಬೇಕು. ಮೊದಲನೆಯದಕ್ಕೆ ನಮ್ಮ ಯಾವ ಊರಲ್ಲೂ ಕೊರತೆಯಿಲ್ಲ.